ಸಾಲ ಕೊಡುವವರ ತರಬೇತಿ: ಕಲಿಸಿದ್ದೇನು, ಬಿಟ್ಟದ್ದೇನು?

(ರೈತ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ನಿವೃತ್ತ ಗ್ರಾಮೀಣ ಬ್ಯಾಂಕ್ ಅಧಿಕಾರಿಯೊಬ್ಬರು ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. - ಸಂ.)



ಮೊದಲು ಒಂದು ಕೋರಿಕೆ. ತಾಯಂದಿರೆಲ್ಲ ಹಿಂದೆ ಬಾಗಿಲ ಹತ್ತಿರ ಕೂತಿದ್ದೀರಿ. ದಯವಿಟ್ಟು ಮುಂದಕ್ಕೆ ಬನ್ನಿ. ನಾನು ಇವತ್ತು ಮಾತಾಡಬೇಕಾಗಿರೋದು ಕಿರುಸಾಲದ ಕಂಪನಿಗಳ ವಿಷಯ. ಊರಲ್ಲಿ ನಾವು 'ಫೈನಾನ್ಸ್‌ನೋರು' ಅಂತೀವಿ, 'ಸಂಘದ ದುಡ್ಡು' ಅಂತೀವಿ. ಆ ಸಾಲದ ಕಾರ್ಡಿನಲ್ಲಿ ಹೆಸರು ಇರೋದು ನಿಮ್ಮದು, ಫೋಟೋ ನಿಮ್ಮದು, ಸಹಿ ನಿಮ್ಮದು. ದುಡ್ಡು ಮಾತ್ರ ಯಜಮಾನರ ಬೋರ್‌ವೆಲ್‌ಗೆ ಹೋಗಿದೆ. ಆದ್ದರಿಂದ ಈ ಸಭೆಯಲ್ಲಿ ಮೊದಲ ಸಾಲು ನಿಮ್ಮದೇ.

ಅಧ್ಯಕ್ಷರು ನನಗೆ ಕೊಟ್ಟ ವಿಷಯ 'ಫೈನಾನ್ಸ್ ಕಂಪನಿಗಳ ಕಿರುಕುಳ' ಎಂದು. ಕಿರುಕುಳದ ವಿಚಾರ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ರಾತ್ರಿ ಎಂಟು ಗಂಟೆಯಾದರೂ ಜಗಲಿ ಬಿಟ್ಟು ಏಳದೆ ಕೂತ ಹುಡುಗನನ್ನು ನೀವು ನೋಡಿದ್ದೀರಿ. ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ. ಆ ಹುಡುಗನಿಗೆ, ಅವನ ಮೇಲಿನ ಮ್ಯಾನೇಜರಿಗೆ ಏನು ಪಾಠ ಹೇಳಿ ನಮ್ಮೂರಿಗೆ ಕಳಿಸುತ್ತಾರೆ? ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ಅಧಿಕಾರ ಇದೆ. ಯಾಕೆ ಅಂದರೆ, ಆ ಪಾಠ ಹೇಳಿದವರಲ್ಲಿ ನಾನೂ ಒಬ್ಬ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೆಳೆಸಾಲ ಕೊಟ್ಟು, ವಸೂಲಿಯನ್ನೂ ಮಾಡಿ ನಿವೃತ್ತನಾದೆ. ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ಒಂದು ಕಂಪನಿಯವರು ಬಂದರು. ಹೆಸರು ಬೇಡ. 'ಸಾರ್, ನಮ್ಮ ಬ್ರಾಂಚ್ ಮ್ಯಾನೇಜರುಗಳಿಗೆ ತರಬೇತಿ ಕೊಡಬೇಕು, ನಿಮಗೆ ಅನುಭವ ಇದೆ' ಎಂದರು. ಒಪ್ಪಿಕೊಂಡೆ. ಎರಡು ವರ್ಷ ಪಾಠ ಹೇಳಿದೆ. ಜಿಲ್ಲಾ ಕೇಂದ್ರದ ಹೋಟೆಲಿನ ಹಾಲು, ಗೋಡೆಯ ಮೇಲೆ ಬೀಳುವ ಬಣ್ಣದ ಚಿತ್ರಗಳು, ಹನ್ನೊಂದು ಗಂಟೆಗೆ ಬಿಸ್ಕತ್ತು. ಎದುರಿಗೆ ಕೂತವರು ಯಾರು ಗೊತ್ತಾ? ನಿಮ್ಮ ಮಕ್ಕಳೇ. ಬಿ.ಎ., ಬಿ.ಕಾಂ. ಮುಗಿಸಿ ಕೆಲಸ ಸಿಕ್ಕದೆ ಕೂತಿದ್ದ, ಎರಡು ಎಕರೆ ಮೂರು ಎಕರೆಯವರ ಮಕ್ಕಳು.

ಮ್ಯಾನೇಜ್‌ಮೆಂಟ್ ತರಬೇತಿ ಅನ್ನೋದು ಈಗ ಜಗತ್ತಿಗೆಲ್ಲ ಹರಡಿರುವ ವ್ಯವಹಾರ. ವಾಷಿಂಗ್‌ಟನ್‌ನಲ್ಲಿ ವಿಶ್ವಬ್ಯಾಂಕಿನ ಆಸರೆಯಲ್ಲಿ 'ಸಿಜಿಎಪಿ' ಎಂಬ ಸಂಸ್ಥೆ 1995ರಲ್ಲಿ ಶುರುವಾಯಿತು. ಬಡವರಿಗೆ ಸಾಲ ಕೊಡುವ ಸಂಸ್ಥೆಗಳ ಮ್ಯಾನೇಜರುಗಳಿಗೆ ಲೆಕ್ಕಪತ್ರ, ಬಡ್ಡಿ ನಿಗದಿ, ಬಾಕಿ ನಿರ್ವಹಣೆ, ಕಂಪ್ಯೂಟರ್ ಮಾಹಿತಿ ಎಂದು ಒಂದೊಂದಕ್ಕೂ ಪಾಠಪುಸ್ತಕ ಬರೆಸಿತು. ಇಟಲಿಯ ಟ್ಯೂರಿನ್ ಪಟ್ಟಣದಲ್ಲಿ 'ಬೌಲ್ಡರ್' ಎಂಬ ಹೆಸರಿನ ತರಬೇತಿ ಇದೆ. ನಾನಾ ದೇಶಗಳ ಮ್ಯಾನೇಜರುಗಳು ಅಲ್ಲಿಗೆ ಹೋಗಿ ಕಲಿತು ಬಂದಿದ್ದಾರೆ. ನಮ್ಮಲ್ಲಿ ನಬಾರ್ಡಿನ 'ಬರ್ಡ್' ಸಂಸ್ಥೆ ಲಕ್ನೋದಲ್ಲಿದೆ, ಮಂಗಳೂರಿನಲ್ಲೂ ಇದೆ. ಪುಣೆಯಲ್ಲಿ ರಿಸರ್ವ್ ಬ್ಯಾಂಕಿನದೇ ಕೃಷಿ ಬ್ಯಾಂಕಿಂಗ್ ಕಾಲೇಜು ಇದೆ. ಈ ಪಾಠಗಳೆಲ್ಲ ಕೆಟ್ಟವು ಅಂತ ನಾನು ಹೇಳೋದಿಲ್ಲ. ಲೆಕ್ಕ ಬಾರದವನ ಕೈಗೆ ಊರಿನ ದುಡ್ಡು ಸಿಕ್ಕಿದರೆ ಏನಾಗುತ್ತೆ ಅಂತ ನಮ್ಮ ಎಷ್ಟೋ ಸೊಸೈಟಿಗಳಲ್ಲಿ ನೋಡಿದ್ದೇವೆ. ನನ್ನ ತಕರಾರು ಬೇರೆ.

ಆ ಪಾಠಗಳಲ್ಲಿ ಒಂದು ಲೆಕ್ಕ ಇದೆ. ಇಂಗ್ಲಿಷಿನಲ್ಲಿ 'ಪೋರ್ಟ್‌ಫೋಲಿಯೊ ಅಟ್ ರಿಸ್ಕ್' ಅಂತಾರೆ, ಹುಡುಗರು ಚುಟುಕಾಗಿ 'ಪಾರ್' ಅಂತಾರೆ. ಅಪಾಯದಲ್ಲಿರುವ ಸಾಲ ಎಂದು ಅರ್ಥ. ಇದನ್ನ ನೀವು ತಿಳಿದುಕೊಳ್ಳಲೇಬೇಕು. ನಿಮ್ಮ ಜಗಲಿ ಮೇಲೆ ಕೂತ ಹುಡುಗ ಯಾಕೆ ಏಳೋದಿಲ್ಲ ಅನ್ನೋದರ ಗುಟ್ಟು ಇದರಲ್ಲಿದೆ. ನಮ್ಮ ತಾಯಿಯೊಬ್ಬಳು 40,000 ರೂಪಾಯಿ ಸಾಲ ತೆಗೆದಿದ್ದಾಳೆ ಎನ್ನಿ. ಕಟ್ಟುತ್ತಾ ಬಂದು ಇನ್ನು 32,000 ಅಸಲು ಉಳಿದಿದೆ. ಒಂದು ಕಂತು, 2,000 ರೂಪಾಯಿ, ತಪ್ಪಿತು. ಮೂವತ್ತು ದಿನ ದಾಟಿತು. ನಮ್ಮ ಲೆಕ್ಕದಲ್ಲಿ ಬಾಕಿ ಎಷ್ಟು? 2,000. ಅವರ ಲೆಕ್ಕದಲ್ಲಿ 32,000 ಪೂರ್ತಿ ಅಪಾಯದ ಕಾಲಮ್ಮಿಗೆ ಹೋಗುತ್ತೆ. ಇಂಥವರು ಹತ್ತು ಜನ ಆದರೆ ಮೂರು ಲಕ್ಷದ ಮೇಲೆ. ತಿಂಗಳ ಕೊನೆಗೆ ಆ ಬ್ರಾಂಚಿನ ಹೆಸರು ಕೆಂಪು ಅಕ್ಷರದಲ್ಲಿ ಬರುತ್ತೆ. ಮ್ಯಾನೇಜರಿಗೆ ಫೋನು, ಮ್ಯಾನೇಜರಿಂದ ಹುಡುಗನಿಗೆ ಬೈಗುಳ, ಹುಡುಗನ ಇನ್ಸೆಂಟಿವ್ ಖೋತಾ. ಅವನು 2,000 ಕೇಳಲು ಬಂದಿದ್ದರೂ ಅವನ ತಲೆ ಮೇಲೆ ಕೂತಿರೋದು 32,000.

ಈ ಲೆಕ್ಕವನ್ನು ಕಂಡುಹಿಡಿದವರ ಉದ್ದೇಶ ಸರಿಯಾಗಿಯೇ ಇತ್ತು. ಒಂದು ಕಂತು ತಪ್ಪಿದರೆ ಪೂರ್ತಿ ಸಾಲದ ಕಡೆ ಕಣ್ಣು ಹಾಯಿಸು. ನೀನು ಕೊಟ್ಟಿದ್ದೇ ತಪ್ಪಿರಬಹುದು, ಸಾಲದ ಮೊತ್ತ ಹೆಚ್ಚಾಗಿರಬಹುದು, ಕಂತಿನ ಕಾಲ ಹೊಂದದೆ ಇರಬಹುದು, ವಿಚಾರಿಸು ಎಂದು ಸಾಲ ಕೊಟ್ಟವನನ್ನು ಎಚ್ಚರಿಸುವ ಗಂಟೆ ಅದು. ನಾನು ತರಗತಿಯಲ್ಲಿ ಹಾಗೇ ಹೇಳುತ್ತಿದ್ದೆ. ಬ್ರಾಂಚಿಗೆ ಹೋದ ಮೇಲೆ ಅದೇ ಗಂಟೆ ಬಾರುಕೋಲು ಆಯಿತು. ಕಂಪನಿಯ ತಪ್ಪನ್ನು ಕಂಪನಿಗೆ ತೋರಿಸಬೇಕಾದ ಲೆಕ್ಕ ರೈತನ ಮನೆಯಾಕೆಯ ತಪ್ಪನ್ನು ಎಣಿಸೋ ಲೆಕ್ಕ ಆಯಿತು.

ಒಂದು ದಿನ ತರಗತಿಯಲ್ಲಿ ನಾನು ಒಂದು ಪ್ರಶ್ನೆ ಹಾಕಿದೆ. 'ರಾಗಿ ಯಾವಾಗ ಕೊಯ್ತಾರೆ ಯಾರಿಗೆ ಗೊತ್ತು, ಕೈ ಎತ್ತಿ' ಎಂದೆ. ಎಲ್ಲರೂ ಕೈ ಎತ್ತಿದರು. ಎತ್ತದೆ ಏನು, ಕಣದಲ್ಲಿ ಬೆಳೆದ ಮಕ್ಕಳು. 'ಸಾಲದ ಅರ್ಜಿ ಬರೆಯುವಾಗ ನಿಮ್ಮ ಬೆಳೆ ಯಾವುದು, ದುಡ್ಡು ಯಾವ ತಿಂಗಳು ಕೈಗೆ ಬರುತ್ತೆ ಅಂತ ಯಾರು ಕೇಳಿದ್ದೀರಿ?' ಎಂದೆ. ಒಂದು ಕೈಯೂ ಏಳಲಿಲ್ಲ. ಹಿಂದಿನ ಬೆಂಚಿನ ಹುಡುಗ ಎದ್ದು, 'ಸಾರ್, ಅದಕ್ಕೆ ಕಾಲಂ ಇಲ್ಲ' ಎಂದ. ಅವನು ಸುಳ್ಳು ಹೇಳಲಿಲ್ಲ. ಅರ್ಜಿಯಲ್ಲಿ ಮನೆಯ ಆದಾಯಕ್ಕೆ ಕಾಲಂ ಇತ್ತು. ಅದು ಬರುವ ಕಾಲಕ್ಕೆ ಕಾಲಂ ಇರಲಿಲ್ಲ.

ಇದು ಎಲ್ಲಿಂದ ಬಂತು ಎಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು 1976ರಲ್ಲಿ ಜೋಬ್ರಾ ಎಂಬ ಹಳ್ಳಿಯಲ್ಲಿ 42 ಜನಕ್ಕೆ ತಮ್ಮ ಜೇಬಿನಿಂದ 27 ಡಾಲರು ಸಾಲ ಕೊಟ್ಟರು. ಅದು ಬೆಳೆದು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಲ್ಲಿ ಸಾಲ ಪಡೆದ ಹೆಂಗಸರು ಮಾಡುತ್ತಿದ್ದದ್ದು ಏನು? ಬಿದಿರಿನ ಪೀಠ ಹೆಣೆಯೋದು, ಭತ್ತ ಕೊಂಡು ಕುಟ್ಟಿ ಅಕ್ಕಿ ಮಾರೋದು, ಹಸು ಕಟ್ಟೋದು. ವಾರವಾರ ನಾಲ್ಕು ಕಾಸು ಕೈಗೆ ಬರುವ ಕಸುಬು. ಅದಕ್ಕೆ ವಾರದ ಕಂತು ಹೊಂದಿತು. ಅಲ್ಲಿನ ತರಬೇತಿಯೂ ಹೋಟೆಲಿನ ಹಾಲಿನಲ್ಲಿ ಮುಗಿಯುತ್ತಿರಲಿಲ್ಲ. ಹೊಸಬನನ್ನು ಹಳ್ಳಿಯ ಶಾಖೆಗೆ ಕಳಿಸಿ, ಸಾಲ ಪಡೆದ ಹೆಂಗಸಿನ ಬದುಕಿನ ಕತೆಯನ್ನು ಕೇಳಿ ಬರೆದು ತಾ ಎನ್ನುತ್ತಿದ್ದರು. ನಮ್ಮವರು ವಾರದ ಕಂತನ್ನು ತಂದರು, ಐದೈದು ಜನರ ಗುಂಪು ತಂದರು, ಸಾಲಾಗಿ ಕೂರಿಸೋದನ್ನು ತಂದರು. ಬದುಕಿನ ಕತೆ ಬರೆಸೋದನ್ನ ಅಲ್ಲೇ ಬಿಟ್ಟು ಬಂದರು.

ಹಾಲು ಹಾಕೋ ಮನೆಗೆ ಡೇರಿ ಬಟವಾಡೆ ಬರುತ್ತೆ, ಕಂತು ಹೇಗೋ ನಡೆಯುತ್ತೆ. ರೇಷ್ಮೆ ಸಾಕೋರಿಗೆ ಗೂಡು ಮಾರಿದಾಗ ಬರುತ್ತೆ. ರಾಗಿ ಜೋಳದವನಿಗೆ? ವರ್ಷಕ್ಕೆ ಒಂದು ಸಲ. ಕಬ್ಬಿನವನಿಗೆ? ಕಾರ್ಖಾನೆ ದೊಡ್ಡ ಮನಸ್ಸು ಮಾಡಿದಾಗ! ಇವರೆಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದು ತೊಡಿಸಿದ್ದಾರೆ. ಹಿಡಿಸದಿದ್ದರೆ ಅಂಗಿಯದು ತಪ್ಪಲ್ಲ, ನಿನ್ನ ಮೈಯದೇ ತಪ್ಪು ಅಂತಾರೆ.

ನಮ್ಮ ತಾಲ್ಲೂಕಿನ ಒಂದು ಮನೆ ನನಗೆ ಚೆನ್ನಾಗಿ ಗೊತ್ತು. ಮೂರು ಎಕರೆ ಖುಷ್ಕಿ, ಎರಡು ಹಸು. ಯಜಮಾನ ನಮ್ಮ ಸಭೆಗಳಿಗೆ ತಪ್ಪದೆ ಬರುವ ಮನುಷ್ಯ. ಹೆಂಡತಿ ಹೆಸರಲ್ಲಿ ನಾಲ್ಕು ಕಂಪನಿಯ ಸಾಲ. ಎರಡನೆಯದನ್ನು ತೆಗೆದದ್ದು ಮೊದಲನೆಯದರ ಕಂತು ಕಟ್ಟಲು. ಮೂರು ಮತ್ತು ನಾಲ್ಕನೆಯದು ಬೋರ್ ಕೊರೆಸಲು. ಆರುನೂರು ಅಡಿ ಹೋಯಿತು, ಬಂದದ್ದು ಧೂಳು. ತಿಂಗಳಿಗೆ ನಾಲ್ಕೂ ಸೇರಿ 9,000 ಕಂತು. ಹಾಲಿನಿಂದ ಬರುವುದು ಹಿಂಡಿ ಬೂಸಾ ಖರ್ಚು ಕಳೆದು ಆರು ಸಾವಿರ ದಾಟುತ್ತಿರಲಿಲ್ಲ. ನಾನು ಯಜಮಾನನನ್ನು ಕೇಳಿದೆ, 'ಏನಪ್ಪಾ ಇದು?' ಅಂತ. 'ಅದು ಹೆಂಗಸರ ಸಂಘದ್ದು ಸಾರ್, ನಂಗೇನು ಗೊತ್ತು' ಅಂದ. ಆಕೆ ಅಡಿಗೆ ಮನೆ ಬಾಗಿಲಲ್ಲಿ ನಿಂತಿದ್ದಳು. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ನಾಲ್ಕು ಕಾರ್ಡನ್ನೂ ತಂದು ನನ್ನ ಮುಂದೆ ಇಟ್ಟಳು. ಪ್ಲಾಸ್ಟಿಕ್ ಚೀಲದಲ್ಲಿ, ಮಗಳ ಮಾರ್ಕ್ಸ್ ಕಾರ್ಡಿನ ಜತೆಯಲ್ಲಿ ಜೋಪಾನವಾಗಿ ಕಟ್ಟಿಟ್ಟಿದ್ದಳು.

ಯಜಮಾನರೆ, ನಿಮ್ಮ ಮುಖ ನೋಡಿದರೆ ಕೆಲವರಿಗೆ ಕೋಪ ಬಂದಿದೆ. ಬರಲಿ. ಈ ಸಾಲವನ್ನು 'ಹೆಂಗಸರದ್ದು' ಅಂತ ತಳ್ಳಿಹಾಕೋವರೆಗೂ ಇದು ರೈತರ ಪ್ರಶ್ನೆ ಆಗೋದಿಲ್ಲ. ಸೊಸೈಟಿ ಸಾಲಕ್ಕೆ ಜಪ್ತಿ ಬಂದಾಗ ಊರಿಗೆ ಊರೇ ಎದ್ದು ನಿಂತ ಕಾಲ ಇತ್ತು. ಈ ಸಾಲಕ್ಕೆ ಗುಂಪಿನ ಪಕ್ಕದ ಮನೆಯವಳೇ ಬಂದು ಬೈಯುವಾಗ ಯಾರು ಎದ್ದು ನಿಲ್ಲಬೇಕು? ಕಂಪನಿಯವನು ದನಿ ಎತ್ತಬೇಕಾಗೇ ಇಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರನ್ನೂ ಎಬ್ಬಿಸೋದಿಲ್ಲ ಅಂತ ಕೂತರೆ ಸಾಕು, ಕೇರಿಯೇ ಅವನ ಕೆಲಸ ಮಾಡಿಕೊಡುತ್ತೆ.

ಈಗ ಆ ನಾಲ್ಕು ಕಾರ್ಡಿಗೆ ಬರ್ತೀನಿ. ನಾಲ್ಕನೇ ಸಾಲ ಕೊಟ್ಟವನಿಗೆ ಹಿಂದಿನ ಮೂರು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಧಾರ್ ನಂಬರ್ ಹಾಕಿದರೆ ಕ್ರೆಡಿಟ್ ಬ್ಯೂರೋದಲ್ಲಿ ಜಾತಕ ಬರುತ್ತೆ. 2022ರ ಮಾರ್ಚಿಯಲ್ಲಿ ರಿಸರ್ವ್ ಬ್ಯಾಂಕು ಕಿರುಸಾಲಕ್ಕೆ ಒಂದು ನಿರ್ದೇಶನ ಹೊರಡಿಸಿತು, ಏಪ್ರಿಲ್ 1ರಿಂದ ಜಾರಿಗೆ ತಂದಿತು. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಒತ್ತೆಯಿಲ್ಲದೆ ಕೊಡುವ ಸಾಲ ಕಿರುಸಾಲ. ಆ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ, ತಿಂಗಳ ಆದಾಯದ ಅರ್ಧ ಮೀರಬಾರದು ಎಂದಿತು. ಅಂದರೆ ತಿಂಗಳಿಗೆ 18,000 ಆದಾಯ ಇದ್ದರೆ ಮಾತ್ರ 9,000 ಕಂತು. ಆ ಮನೆಗೆ ಅಷ್ಟು ಆದಾಯ ಎಲ್ಲಿಂದ ಬಂತು? ಅರ್ಜಿಯಲ್ಲಿ ಬಂತು! ಕಂತಿನ ಮೊತ್ತವನ್ನು ಮೊದಲು ನೋಡಿ, ಅದನ್ನು ಎರಡರಿಂದ ಗುಣಿಸಿ, ಮೇಲೆ ಸ್ವಲ್ಪ ಸೇರಿಸಿ, ಆದಾಯದ ಕಾಲಮ್ಮಿನಲ್ಲಿ ಬರೆಯೋದು. ಇದನ್ನು ನಾನು ಕಲಿಸಿರಲಿಲ್ಲ. ನನ್ನ ಶಿಷ್ಯನೊಬ್ಬ ಆರು ತಿಂಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ, ನಗುತ್ತಾ ಹೇಳಿದ. 'ಸಾರ್, ನಿಮ್ಮದು ಮೂರು ದಿನದ ಟ್ರೈನಿಂಗು, ಬ್ರಾಂಚಿನದು ದಿನಾ ಟ್ರೈನಿಂಗು.' ಅವತ್ತು ಮನೆಗೆ ಬಂದವನು ಆ ಕಂಪನಿಗೆ ಇನ್ನು ಬರೋದಿಲ್ಲ ಅಂತ ಫೋನು ಮಾಡಿದೆ. ದೊಡ್ಡಸ್ತಿಕೆಗೆ ಹೇಳಿಕೊಳ್ತಾ ಇಲ್ಲ. ಎರಡು ವರ್ಷದ ಸಂಭಾವನೆ ಎಣಿಸಿಕೊಂಡ ಮೇಲೆ ಬಿಟ್ಟೆ.

ಅದೇ ನಿರ್ದೇಶನದಲ್ಲಿ ತರಬೇತಿಯ ಬಗ್ಗೆಯೂ ಬರೆದಿತ್ತು. ಮನೆಯ ಆದಾಯ ಎಷ್ಟು, ಈಗಾಗಲೇ ಇರುವ ಸಾಲ ಎಷ್ಟು ಎಂದು ವಿಚಾರಿಸಲು ಕ್ಷೇತ್ರ ಸಿಬ್ಬಂದಿಗೆ ತರಬೇತಿ ಕೊಡಬೇಕು. ಗ್ರಾಹಕರ ಜತೆ ಹೇಗೆ ನಡೆದುಕೊಳ್ಳಬೇಕು ಎಂದು ಕಲಿಸಬೇಕು. ಅಷ್ಟೇ ಅಲ್ಲ, ಅವರ ನಡವಳಿಕೆಗೂ ಅವರ ಸಂಬಳ ಭತ್ಯೆಗೂ ಸಂಬಂಧ ಇರಬೇಕು. ಈ ಕೊನೆಯ ಮಾತು ಬಹಳ ದೊಡ್ಡದು. ವಸೂಲಿಗೆ ಇನ್ಸೆಂಟಿವ್ ಎಲ್ಲ ಕಂಪನಿಯಲ್ಲೂ ಕೇಳಿದ್ದೇನೆ. ಮರ್ಯಾದೆಯಿಂದ ನಡೆದುಕೊಂಡಿದ್ದಕ್ಕೆ ಇನ್ಸೆಂಟಿವ್ ಬಂತು ಎಂದು ಒಬ್ಬ ಹುಡುಗನ ಬಾಯಿಂದಲೂ ಕೇಳಲಿಲ್ಲ.

ಇನ್ನೂ ಒಂದು ವಾಕ್ಯ ಅದರಲ್ಲಿತ್ತು. ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿಯನ್ನು ಹೊಂದಿಸುವ ಬಗ್ಗೆ ಪ್ರತಿ ಸಂಸ್ಥೆಯೂ ತನ್ನ ಆಡಳಿತ ಮಂಡಳಿಯಿಂದ ನೀತಿ ಒಪ್ಪಿಸಿಟ್ಟುಕೊಂಡಿರಬೇಕು ಎಂದು. ಈ ವಾಕ್ಯವನ್ನು ನಾನು ಎರಡು ಸಲ ಹೇಳ್ತೀನಿ, ಬರೆದುಕೊಳ್ಳಿ. ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿ. ವಾರಕ್ಕೆ ಅಂತಿಲ್ಲ, ತಿಂಗಳಿಗೆ ಅಂತಿಲ್ಲ. ಸುಗ್ಗಿಗೆ ಎಂದು ಕೇಳಲು ನಿಮಗೆ ಹಕ್ಕಿದೆ. ನಾನು ಕಂಪನಿಯ ತರಗತಿಗೆ ಈ ಪಾಠ ಸೇರಿಸಬೇಕು ಎಂದಾಗ ಮೇಲಿನವರು ಏನಂದರು ಗೊತ್ತೆ? 'ಸಾರ್, ಸುಗ್ಗಿ ಕಂತು ಇಟ್ಟರೆ ಆರು ತಿಂಗಳು ನಮ್ಮ ಹುಡುಗ ಊರಿಗೇ ಹೋಗೋದಿಲ್ಲ, ಶಿಸ್ತು ಹೋಗಿಬಿಡುತ್ತೆ.' ಶಿಸ್ತು! ಆರು ತಿಂಗಳು ಮಳೆ ನೋಡುತ್ತಾ ಬೆಳೆ ಕಾಯುವ ಜನಕ್ಕೆ ಇವರು ಶಿಸ್ತು ಕಲಿಸಬೇಕಂತೆ.

ಅವರ ಕಡೆಯ ಮಾತನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನ್ಯಾಯ ಆಗೋದಿಲ್ಲ. ಒತ್ತೆಯಿಲ್ಲದ ಸಣ್ಣ ಸಾಲ, ಮನೆ ಬಾಗಿಲಿಗೆ ಹೋಗಿ ಕೊಡೋದು, ಮನೆ ಬಾಗಿಲಿಗೆ ಹೋಗಿ ಎತ್ತೋದು ದುಬಾರಿ ಕೆಲಸ. ಅವರು ಬ್ಯಾಂಕಿನಿಂದ ಬಡ್ಡಿಗೆ ತಂದೇ ಕೊಡೋದು. ಸುಗ್ಗಿಯಲ್ಲಿ ಒಟ್ಟಿಗೆ ದುಡ್ಡು ಬಂದಾಗ ಎಲ್ಲರೂ ಕಟ್ಟುತ್ತಾರೆ ಅನ್ನೋ ನಂಬಿಕೆಯನ್ನು ನಾವೂ ಎಷ್ಟು ಸಲ ಕೆಡಿಸಿದ್ದೀವಿ! ಮದುವೆ, ತಿಥಿ, ಚುನಾವಣೆ ವರ್ಷದ ಮನ್ನಾ ಆಸೆ. ಬ್ಯಾಂಕಿನಲ್ಲಿ ಕೂತು ಇದನ್ನೆಲ್ಲ ನೋಡಿದವನು ನಾನು. ಆದರೆ ಸಾಲ ಕೊಡೋ ಕಸುಬಿನಲ್ಲಿ ಇರೋನು ಆ ಕಷ್ಟವನ್ನು ತಾನು ಹೊರಬೇಕು. ಅದನ್ನು ಹೊರಲು ಕಲಿಸೋದೇ ಮ್ಯಾನೇಜ್‌ಮೆಂಟ್.

ಹೊರದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಪಕ್ಕದ ಆಂಧ್ರವೇ ಸಾಕ್ಷಿ. 2006ರಲ್ಲಿ ಕೃಷ್ಣಾ ಜಿಲ್ಲೆಯಲ್ಲಿ ಜಿಲ್ಲಾ ಆಡಳಿತ ಸುಮಾರು 50 ಬ್ರಾಂಚುಗಳಿಗೆ ಬೀಗ ಹಾಕಿಸಿತು. ಯಾರೂ ಪಾಠ ಕಲಿಯಲಿಲ್ಲ. 2009ರಲ್ಲಿ ನಮ್ಮ ಕೋಲಾರ, ರಾಮನಗರದ ಕಡೆ ರೇಷ್ಮೆ ಬಿಚ್ಚಾಣಿಕೆ ಕಸುಬು ಬಿದ್ದಿದ್ದಾಗ ಕಂತು ಕಟ್ಟಬೇಡಿ ಎಂಬ ಕರೆ ಹೊರಟು ವಸೂಲಿ ನಿಂತಿತು. 2010ರಲ್ಲಿ ಎಸ್.ಕೆ.ಎಸ್. ಎಂಬ ಕಂಪನಿ ಷೇರು ಪೇಟೆಗೆ ಹೋಗಿ ಸುಮಾರು 1,600 ಕೋಟಿ ರೂಪಾಯಿ ಎತ್ತಿತು. ಬಡವರ ಸಾಲದಲ್ಲಿ ಅಷ್ಟು ಲಾಭ ಇದೆಯೇ ಎಂದು ಪಟ್ಟಣದವರು ಮುಗಿಬಿದ್ದು ಷೇರು ಕೊಂಡರು. ಮೂರು ತಿಂಗಳು ತುಂಬುವುದರೊಳಗೆ, ಅಕ್ಟೋಬರಿನಲ್ಲಿ, ಆತ್ಮಹತ್ಯೆಗಳ ಸುದ್ದಿಯ ನಡುವೆ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆ ರಾಜ್ಯದಲ್ಲಿ ವಸೂಲಿ ಕುಸಿದುಬಿತ್ತು. ಆಮೇಲೆ ಮಾಲೇಗಾಂ ಸಮಿತಿ, 2011ರಲ್ಲಿ ವರದಿ. ಬಡ್ಡಿಗೆ ನೂರಕ್ಕೆ 26ರ ಮಿತಿ, ಒಬ್ಬ ಸಾಲಗಾರಳಿಗೆ ಎರಡಕ್ಕಿಂತ ಹೆಚ್ಚು ಕಂಪನಿ ಇಂಥ ಸಾಲ ಕೊಡಬಾರದು ಎಂಬ ಕಟ್ಟು ಬಂದವು. 2022ರಲ್ಲಿ ಬಡ್ಡಿಯ ಮಿತಿಯೂ ಹೋಯಿತು, ಎರಡು ಕಂಪನಿಯ ಕಟ್ಟೂ ಹೋಯಿತು, ಅದರ ಜಾಗಕ್ಕೆ ನಾನು ಆಗಲೇ ಹೇಳಿದ ಅರ್ಧ ಆದಾಯದ ಲೆಕ್ಕ ಬಂತು. ಆ ಲೆಕ್ಕವನ್ನು ನಂಬಬೇಕಾದರೆ ಅರ್ಜಿ ಬರೆಯೋ ಹುಡುಗನನ್ನು ನಂಬಬೇಕು. ಹುಡುಗನನ್ನು ನಂಬಬೇಕಾದರೆ ಅವನ ತರಬೇತಿಯನ್ನು ನಂಬಬೇಕು. ಎಲ್ಲ ಭಾರವೂ ಬಂದು ಕೂತದ್ದು ಅಲ್ಲಿ.

ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಆಮೇಲೆ ಶಾಸನಸಭೆಯಲ್ಲೂ ಅಂಗೀಕಾರ ಆಯಿತು. ಒಳ್ಳೆಯದೇ. ಆದರೆ ಜೈಲಿಗೆ ಹೋಗೋನು ಯಾರು? ಮೋಟಾರ್ ಸೈಕಲ್ ಹುಡುಗ. ಪಾರ್ ಲೆಕ್ಕದ ಬಾರುಕೋಲು ಬೀಸಿದವನು ಎ.ಸಿ. ರೂಮಿನಲ್ಲಿ ಇರ್ತಾನೆ.

ಬೇರೆ ಥರ ಕಲಿಸೋಕೆ ಆಗೋದಿಲ್ಲವೇ? ನಮ್ಮ ಕರ್ನಾಟಕದಲ್ಲೇ ಆಗಿದೆ. ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ 1984-85ರ ಹೊತ್ತಿಗೆ ದೊಡ್ಡ ಸಹಕಾರ ಸಂಘಗಳು ಜಗಳದಲ್ಲಿ ಒಡೆದವು. ಒಡೆದ ಜನ ಮನೆಗೆ ಹೋಗಲಿಲ್ಲ. ತಮಗೆ ನಂಬಿಕೆ ಇದ್ದವರು ಹದಿನೈದು ಇಪ್ಪತ್ತು ಜನ ಸೇರಿ ಸಣ್ಣ ಗುಂಪು ಕಟ್ಟಿಕೊಂಡರು. 1987ರಲ್ಲಿ ನಬಾರ್ಡು ಇಂಥ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು, ಅದರಲ್ಲಿ ಗುಂಪುಗಳಿಗೆ ತರಬೇತಿಯೂ ಸೇರಿತ್ತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ದೇಶದಲ್ಲಿ ಶುರುವಾಯಿತು. ಮೊದಲು ಆರು ತಿಂಗಳು ಉಳಿತಾಯ, ಸಭೆ, ನಡಾವಳಿ, ಲೆಕ್ಕ. ಆಮೇಲೆ ಬ್ಯಾಂಕ್ ಸಾಲ. ಯಾರಿಗೆ ಎಷ್ಟು, ಯಾವಾಗ ವಾಪಸ್ಸು ಅನ್ನೋದನ್ನು ಗುಂಪೇ ಕೂತು ತೀರ್ಮಾನಿಸೋದು. ಆ ದಿನಗಳಲ್ಲಿ ನಾನು ಒಂದು ಗುಂಪಿನ ಸಭೆಗೆ ಬ್ಯಾಂಕಿನ ಪರವಾಗಿ ಹೋಗಿದ್ದೆ. ಒಬ್ಬಾಕೆ ಕಡಲೆಕಾಯಿ ಬಿತ್ತನೆಗೆ ಸಾಲ ಕೇಳಿದಳು. 'ಕಾಯಿ ಕಿತ್ತು ಮಾರಿದ ಮೇಲೆ ಕೊಡು, ಅಲ್ಲೀವರೆಗೆ ಬಡ್ಡಿ ಮಾತ್ರ ಕಟ್ಟು' ಎಂದು ಗುಂಪಿನ ಮುದುಕಿಯೊಬ್ಬಳು ತೀರ್ಪು ಕೊಟ್ಟಳು. ಯಾವ ಟ್ಯೂರಿನ್‌ಗೂ ಹೋಗಿ ಬಂದವಳಲ್ಲ. ಅವಳಿಗೆ ಕಡಲೆಕಾಯಿ ಗೊತ್ತಿತ್ತು.

ಇದಕ್ಕೆ ಹೋಲಿಸಿ ಕಂಪನಿಗಳವರು ಹೆಂಗಸರಿಗೆ ಕೊಡುವ ತರಬೇತಿ ನೋಡಿ. ಸಾಲಕ್ಕೆ ಮೊದಲು ಎರಡು ಮೂರು ದಿನ 'ಕಂಪಲ್ಸರಿ ಗ್ರೂಪ್ ಟ್ರೈನಿಂಗ್'. ಸಾಲಾಗಿ ಕೂರೋದು, ಸಹಿ ಹಾಕೋದು, ಕಂತಿನ ಮೊತ್ತ ಬಾಯಿಪಾಠ ಹೇಳೋದು. ಇಲ್ಲಿ ಕೂತ ತಾಯಂದಿರಿಗೆ ಕೇಳ್ತೀನಿ, ಕಂತು ಎಷ್ಟು ಎಂದರೆ ನಿದ್ದೆಯಲ್ಲೂ ಹೇಳ್ತೀರಿ. ಬಡ್ಡಿ ಎಷ್ಟು? ನೋಡಿ, ಯಾರೂ ಬಾಯಿ ಬಿಡ್ತಾ ಇಲ್ಲ. ನಿಮ್ಮ ದಡ್ಡತನ ಅಲ್ಲ ತಾಯಿ, ಕಲಿಸದೆ ಬಿಟ್ಟದ್ದು. ಹಳೇ ಕಾಲದಲ್ಲಿ 'ಫ್ಲ್ಯಾಟ್' ಬಡ್ಡಿ ಅಂತ ಹೇಳೋರು. 10,000 ಸಾಲ, ನೂರಕ್ಕೆ 12 ಅಂದರೆ 1,200 ಬಡ್ಡಿ, 11,200ನ್ನು ಹನ್ನೆರಡು ತಿಂಗಳಿಗೆ ಹಂಚು. ಕೇಳೋಕೆ ಸೊಸೈಟಿ ಬಡ್ಡಿ ಥರ ಇದೆ. ಆದರೆ ಮೊದಲ ತಿಂಗಳಿಂದಲೇ ಅಸಲು ವಾಪಸ್ಸು ಹೋಗ್ತಾ ಇದೆ, ವರ್ಷವೆಲ್ಲ 10,000 ನಿಮ್ಮ ಕೈಯಲ್ಲಿ ಇರೋದೇ ಇಲ್ಲ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ನೂರಕ್ಕೆ 21 ದಾಟುತ್ತೆ. ವರ್ಷದ ಬಡ್ಡಿ ಎಷ್ಟು, ಇತರ ಖರ್ಚು ಎಷ್ಟು ಅಂತ ಬಿಡಿಸಿ ಬರೆದ ಚೀಟಿ ಕೊಡಬೇಕು, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕಾರ್ಡು ಇರಬೇಕು, ಕಟ್ಟಿದ ಪ್ರತಿ ಕಂತನ್ನೂ ಅದರಲ್ಲಿ ಬರೆದುಕೊಡಬೇಕು, ಸಾಲಗಾರರಿಗೆ ತರಬೇತಿ ಕೊಟ್ಟರೆ ಅದಕ್ಕೆ ಒಂದು ಕಾಸೂ ತೆಗೆದುಕೊಳ್ಳಬಾರದು ಎಂದು 2022ರ ನಿರ್ದೇಶನವೇ ಹೇಳಿತ್ತು.

ವಸೂಲಿಯ ಜಾಗದ ವಿಚಾರವೂ ಅದರಲ್ಲಿತ್ತು. ಎರಡೂ ಕಡೆಯವರು ಒಪ್ಪಿದ ಜಾಗದಲ್ಲಿ ಕಂತು ಎತ್ತಬೇಕು. ಆ ಜಾಗಕ್ಕೆ ಸಾಲಗಾರಳು ಒಂದರ ಹಿಂದೆ ಒಂದು ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನು ಮಾಡಿದರೆ ಅದು ಕಿರುಕುಳ. ನೆಂಟರಿಷ್ಟರನ್ನು ಪೀಡಿಸಿದರೆ, ಹೆಸರು ಬಯಲಿಗೆ ಹಾಕಿದರೆ ಕಿರುಕುಳ. ಇದನ್ನು ಹುಡುಗರಿಗೆ ನಾನೇ ಬೋರ್ಡಿನ ಮೇಲೆ ಬರೆದು ಹೇಳಿದ್ದೇನೆ. ಅವರಿಗೆ ಗೊತ್ತಿಲ್ಲ ಅಂತ ತಿಳಿಯಬೇಡಿ.

ಇನ್ನು ನಮ್ಮ ಮನೆಯ ಕಡೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಗದಗದ ಹತ್ತಿರ ಕಣಗಿನಹಾಳದಲ್ಲಿ, 1905ರಲ್ಲಿ. ಕಟ್ಟಿದವರು ಸಿದ್ದನಗೌಡ ಪಾಟೀಲರು, ಒಬ್ಬ ರೈತ. ಆ ವಂಶದ ನಮ್ಮ ಸೊಸೈಟಿಯಲ್ಲಿ 5 ಲಕ್ಷದವರೆಗೆ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ. ಸೊನ್ನೆ ಬಡ್ಡಿ ದುಡ್ಡು ಊರಲ್ಲಿ ಇಟ್ಟುಕೊಂಡು ನಮ್ಮ ಮನೆಯಾಕೆ ಯಾಕೆ ಫೈನಾನ್ಸ್‌ನವರ ಮುಂದೆ ಸಾಲಾಗಿ ಕೂತಳು? ಪಹಣಿ ಇನ್ನೂ ಸತ್ತ ತಾತನ ಹೆಸರಲ್ಲಿದೆ, ಪೌತಿ ಖಾತೆ ಆಗಿಲ್ಲ. ಆಕೆ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ. ಪಹಣಿ ಇದ್ದವರೋ, ಗಡುವಿನ ದಿನ ಬಡ್ಡಿ ರಿಯಾಯಿತಿ ತಪ್ಪಬಾರದು ಅಂತ ನಾಲ್ಕು ದಿನಕ್ಕೆ ಕೈಸಾಲ ತಂದು ಕಟ್ಟಿ ಚಾಲ್ತಿ ಮಾಡಿಸಿಕೊಂಡು ಬರ್ತಾರೆ. ಹೆರಿಗೆಗೆ, ಹಾಸ್ಟೆಲ್ ಫೀಸಿಗೆ ಸೊಸೈಟಿಯಲ್ಲಿ ಕಾಲಂ ಇಲ್ಲ. ನಮ್ಮ ಕಾರ್ಯದರ್ಶಿ ಸಹಕಾರ ಡಿಪ್ಲೊಮಾ ಓದಿ ಬಂದಿದ್ದಾರೆ, ಬೈಲಾ ಬಾಯಿಗೆ ಬರುತ್ತೆ, ಒಂದು ಮನೆಯ ವರ್ಷದ ಆದಾಯ ಖರ್ಚನ್ನು ತಿಂಗಳವಾರು ಬರೆಯಲು ಅವರಿಗೂ ಯಾರೂ ಕಲಿಸಿಲ್ಲ. ಫೈನಾನ್ಸ್ ಹುಡುಗನ ಅರ್ಜಿಯಲ್ಲಿ ಇಲ್ಲದ ಕಾಲಂ ನಮ್ಮ ಸೊಸೈಟಿ ಅರ್ಜಿಯಲ್ಲೂ ಇಲ್ಲ.

ಆದ್ದರಿಂದ ಈ ಶಿಬಿರದಿಂದ ಎರಡು ಕಡೆಗೆ ಕಾಗದ ಹೋಗಲಿ ಎಂದು ನನ್ನ ಸೂಚನೆ. ತಾಲ್ಲೂಕಿನಲ್ಲಿ ಬ್ರಾಂಚ್ ಇರುವ ಪ್ರತಿ ಕಂಪನಿಗೂ ಒಂದು: ಕಂತಿನ ಅವಧಿ ಬಗ್ಗೆ ನಿಮ್ಮ ಆಡಳಿತ ಮಂಡಳಿ ಒಪ್ಪಿದ ನೀತಿ ಏನು, ಕನ್ನಡದಲ್ಲಿ ಬರೆದು ಕೊಡಿ, ನಿಮ್ಮ ಸಿಬ್ಬಂದಿ ತರಬೇತಿಗೆ ನಮ್ಮೂರಿನ ಇಬ್ಬರು ರೈತ ಹೆಂಗಸರನ್ನು ಅರ್ಧ ದಿನ ಕರೆಸಿ, ರಾಗಿ ಯಾವಾಗ, ಹುಲ್ಲು ಯಾವಾಗ, ಕೈ ಖಾಲಿ ಇರೋದು ಯಾವಾಗ ಅಂತ ಅವರು ಪಾಠ ಹೇಳ್ತಾರೆ. ಇನ್ನೊಂದು ಕಾಗದ ನಮ್ಮ ಸೊಸೈಟಿಯ ಆಡಳಿತ ಮಂಡಳಿಗೆ: ಕಾರ್ಯದರ್ಶಿಯನ್ನು ಮುಂದಿನ ತರಬೇತಿಗೆ ಕಳಿಸುವಾಗ ಮನೆಲೆಕ್ಕದ ಪಾಠ ಕೇಳಿ ಕಳಿಸಿ ಎಂದು. ಅಧ್ಯಕ್ಷರು ಒಪ್ಪಿದರೆ ಕರಡನ್ನು ನಾನೇ ಬರೆದುಕೊಡ್ತೀನಿ.

ಊಟದ ಗಂಟೆ ಹೊಡೆದಾಯಿತು, ಅಡಿಗೆಯವರು ನನ್ನನ್ನೇ ನೋಡ್ತಾ ಇದ್ದಾರೆ. ಸಾಲದ ಕಾರ್ಡು ತಂದಿರುವ ತಾಯಂದಿರು ಊಟ ಆದ ಮೇಲೆ ಆ ಹುಣಸೆ ಮರದ ಕೆಳಗೆ ಬನ್ನಿ. ಯಜಮಾನರನ್ನೂ ಕರಕೊಂಡು ಬನ್ನಿ. ಒಂದೊಂದೇ ಕಾರ್ಡು ತೆಗೆದು ಬಡ್ಡಿ ಎಷ್ಟು ಬಿತ್ತು ಅಂತ ಕೂತು ಲೆಕ್ಕ ಹಾಕೋಣ.